ಹಳೇ ಎಂಜಿಬಿ ಬ್ರೇಕ್: ಮೊದಲು ಇರೋದನ್ನ ಸರಿಮಾಡಿ, ದೊಡ್ಡದರ ಮಾತು ಆಮೇಲೆ

ಎಂಜಿ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು ಎಂಜಿಬಿ ಕೊಂಡವರು ಕೆಲವೇ ದಿನಗಳಲ್ಲಿ ಕೇಳುವ ಪ್ರಶ್ನೆ ಒಂದಿದೆ: "ಇದರ ಬ್ರೇಕ್ ಸಾಲದು ಅನ್ಸುತ್ತೆ, ದೊಡ್ಡ ಬ್ರೇಕ್ ಹಾಕಿಸಲಾ?" ನನ್ನ ಉತ್ತರ ಯಾವಾಗಲೂ ಒಂದೇ. ಮೊದಲು ಇರುವ ಬ್ರೇಕನ್ನು ಪೂರ್ತಿ ಬಿಚ್ಚಿ ಸರಿಮಾಡಿ. ಸ್ವಲ್ಪ ದಿನ ಓಡಿಸಿ. ಆಮೇಲೂ ಎಲ್ಲಿ ಕೊರತೆ ಇದೆ ಅಂತ ಬೆರಳಿಟ್ಟು ತೋರಿಸಲು ಆದರೆ, ಅದಕ್ಕೆ ಮಾತ್ರ ದುಡ್ಡು ಹಾಕಿ. ಈ ಮಾತಿಗೆ ಹೊರತಾದ ಕೆಲಸ ಒಂದಿದೆ. ಅದು ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಎರಡು ಬೇರೆ ಬೇರೆ ಪೈಪಿನ ಜಾಲಕ್ಕೆ ತಳ್ಳುವ ಭಾಗ. ಅದರ ವಿಚಾರಕ್ಕೆ ಮುಂದೆ ಬರುತ್ತೇನೆ.

ಇಂಗ್ಲೆಂಡಿನ ಆಬಿಂಗ್‌ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ಅದರಲ್ಲಿ ಬಹುಪಾಲು ಅಮೆರಿಕಕ್ಕೆ ಹೋದವು. ಹಾಗಾಗಿ ಬ್ರಿಟನ್ನಿನಲ್ಲಿರಲಿ, ಅಮೆರಿಕದಲ್ಲಿರಲಿ, ನಮ್ಮವರ ಕೈಗೆ ಸುಲಭವಾಗಿ ಸಿಗುವ ಹಳೇ ಸ್ಪೋರ್ಟ್ಸ್ ಕಾರು ಇದು. ಬಿಡಿಭಾಗಗಳೂ ಧಾರಾಳವಾಗಿ ಸಿಗುತ್ತವೆ. ಆ ಕಾಲಕ್ಕೆ ಇದರ ಬ್ರೇಕ್ ಚೆನ್ನಾಗಿಯೇ ಇತ್ತು. ಮುಂದೆ 10.75 ಇಂಚಿನ ಡಿಸ್ಕ್, ಅದನ್ನು ಎರಡೂ ಕಡೆಯಿಂದ ಪ್ಯಾಡ್‌ಗಳಿಂದ ಅಮುಕಿ ಹಿಡಿಯುವ ಲಾಕ್‌ಹೀಡ್ ಕಂಪನಿಯ ಕ್ಯಾಲಿಪರ್. ಹಿಂದೆ 10 ಇಂಚಿನ ಡ್ರಮ್, ಅದನ್ನು ಒಳಗಿನಿಂದ ಒತ್ತುವ ಶೂಗಳು. ಕಾರಿನ ತೂಕ ಒಂದು ಟನ್ನಿನ ಆಸುಪಾಸು, ಅಷ್ಟೆ. ಹೊಸದರಲ್ಲಿ ಚೆನ್ನಾಗಿ ನಿಲ್ಲುತ್ತಿದ್ದ ಕಾರು ಈಗ ನಿಲ್ಲುತ್ತಿಲ್ಲ ಅಂದರೆ ಯಾವುದೋ ಭಾಗ ಸವೆದಿದೆ, ಇಲ್ಲವೇ ಸಿಕ್ಕಿಕೊಂಡಿದೆ. ಅದನ್ನು ಹಾಗೇ ಬಿಟ್ಟು ಮೇಲೆ ಹೊಸ ಕಿಟ್ ಹಾಕಿದರೆ ಕಾಯಿಲೆ ಒಳಗೇ ಉಳಿಯುತ್ತದೆ.

ಕಾರು ನಿಲ್ಲಿಸುವುದು ಕೊನೆಗೆ ಟೈರು

ಪೆಡಲ್ ಒತ್ತಿದರೆ ಚಕ್ರ ಲಾಕ್ ಆಗುತ್ತದೆಯೇ? ಹಾಗಾದರೆ ನಿಮ್ಮ ಬ್ರೇಕಿನ ಶಕ್ತಿ ಆಗಲೇ ಟೈರಿನ ಹಿಡಿತಕ್ಕಿಂತ ಜಾಸ್ತಿ ಇದೆ. ಇನ್ನೂ ದೊಡ್ಡ ಡಿಸ್ಕ್ ಹಾಕಿದರೂ ಒಂದೇ ಸಲದ ನಿಲುಗಡೆಯ ದೂರ ಕಮ್ಮಿಯಾಗುವುದಿಲ್ಲ. ಅದಕ್ಕೇ ಮೊದಲ ಪರೀಕ್ಷೆ ಟೈರಿನದು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಹಳೇ ಕಾರುಗಳು ವರ್ಷಕ್ಕೆ ಸ್ವಲ್ಪವೇ ಓಡುವುದರಿಂದ ಟೈರಿನ ಗೆರೆ ಸವೆದಿರುವುದಿಲ್ಲ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಹತ್ತು ವರ್ಷ ದಾಟಿದ ಟೈರನ್ನು ಎಷ್ಟೇ ಚೆನ್ನಾಗಿ ಕಂಡರೂ ಬದಲಾಯಿಸಿ. ಬ್ರೇಕಿಗೆ ಮಾಡಬಹುದಾದ ಅತಿ ಒಳ್ಳೆಯ ಅಪ್‌ಗ್ರೇಡ್ ಎಷ್ಟೋ ಕಾರುಗಳಲ್ಲಿ ಇದೇ.

ಹಾಗಾದರೆ ದೊಡ್ಡ ಡಿಸ್ಕಿನ ಕೆಲಸ ಏನು? ಬಿಸಿ ತಡೆಯುವುದು. ಲೆಕ್ಕ ಹಾಕಿ ನೋಡೋಣ. ಸಾವಿರ ಕೆಜಿ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಿಂದ ನಿಂತರೆ ಸುಮಾರು 386 ಕಿಲೋಜೌಲ್ ಶಕ್ತಿ ಬಿಸಿಯಾಗಿ ಬದಲಾಗುತ್ತದೆ. ಅದರಲ್ಲಿ ಶೇ. 70ರಷ್ಟು ಮುಂದಿನ ಎರಡು ಡಿಸ್ಕಿಗೆ ಹೋಗುತ್ತದೆ ಅಂದುಕೊಳ್ಳಿ. ಡಿಸ್ಕ್ ತಲಾ ನಾಲ್ಕು ಕೆಜಿ ಇದ್ದರೆ, ಒಂದು ಸಲ ನಿಲ್ಲಿಸಿದಾಗ ಏರುವ ಬಿಸಿ 70 ಡಿಗ್ರಿ ಸೆಲ್ಸಿಯಸ್ ಹತ್ತಿರ. ಇದೇನೂ ದೊಡ್ಡದಲ್ಲ. ತೊಂದರೆ ಬರುವುದು ಡಿಸ್ಕ್ ತಣ್ಣಗಾಗುವ ಮೊದಲೇ ಮತ್ತೆ ಮತ್ತೆ ಒತ್ತಿದಾಗ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿದವರಿಗೆ ಆ ವಾಸನೆ ಗೊತ್ತಿರುತ್ತೆ, ಅಲ್ವಾ? ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ರಸ್ತೆಯಲ್ಲಿ ಇಳಿಯುವ ಕಾರುಗಳನ್ನು ನಡುವೆ ನಿಲ್ಲಿಸಿ ಬ್ರೇಕಿನ ಬಿಸಿ ಅಳೆಯುವುದೂ ಇದಕ್ಕೇ. ನೀವು ಭಾನುವಾರ ಬೆಳಿಗ್ಗೆ ಹಳ್ಳಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುವವರಾದರೆ, ಒರಿಜಿನಲ್ ಡಿಸ್ಕನ್ನು ಸೋಲಿಸುವಷ್ಟು ಬಿಸಿ ಹುಟ್ಟುವುದೇ ಇಲ್ಲ.

ಬಿಚ್ಚುವ ಮೊದಲು ಪೆಡಲಿನ ಮಾತು ಕೇಳಿ

ಕಾರು ನಿಂತಿರುವಾಗಲೇ ಅರ್ಧ ಕಾಯಿಲೆ ಗೊತ್ತಾಗುತ್ತದೆ.

ಒಮ್ಮೆ ಒತ್ತಿದಾಗ ಪೆಡಲ್ ತುಂಬಾ ಕೆಳಗೆ ಹೋಗಿ, ತಕ್ಷಣ ಇನ್ನೊಮ್ಮೆ ಒತ್ತಿದರೆ ಮೇಲೆಯೇ ನಿಂತರೆ ಹಿಂದಿನ ಡ್ರಮ್ಮಿನ ಶೂಗಳು ದೂರ ಸರಿದಿವೆ. ಎಂಜಿಬಿಯಲ್ಲಿ ನಾನು ಅತಿ ಹೆಚ್ಚು ನೋಡುವ ದೋಷ ಇದು. ಸರಿಮಾಡಲು ಒಂದು ಪೈಸೆ ಬೇಡ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಪೈಪಿನೊಳಗೆ ಗಾಳಿ ಇದೆ. ಕಾಲಿಟ್ಟು ಹಿಡಿದುಕೊಂಡಾಗ ನಿಧಾನಕ್ಕೆ ಕುಸಿಯುತ್ತಾ ಹೋದರೆ, ಹೊರಗೆಲ್ಲೂ ಬ್ರೇಕ್ ಎಣ್ಣೆ ಸೋರದಿದ್ದರೂ, ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲ್ ಹೋಗಿದೆ. ಪೆಡಲ್ ಗಟ್ಟಿ ಇದೆ, ಕಾರು ಮಾತ್ರ ನಿಲ್ಲುತ್ತಿಲ್ಲ ಅಂದರೆ ಪ್ಯಾಡ್ ಮೇಲೆ ಗಾಜಿನಂಥ ಹೊಳಪು ಕೂತಿರಬಹುದು, ಅಥವಾ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಸರ್ವೋ ಕೆಲಸ ಮಾಡುತ್ತಿಲ್ಲ. ಸರ್ವೋ ಇದ್ದರೆ ಹೀಗೆ ನೋಡಿ: ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಕೊನೆಯ ಸಲ ಹಾಗೇ ಹಿಡಿದುಕೊಂಡು ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಸರ್ವೋ ಸರಿಯಾಗಿದೆ.

ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆದರೆ ದೋಷ ಸಾಮಾನ್ಯವಾಗಿ ಇನ್ನೊಂದು ಕಡೆ. ಬಲಕ್ಕೆ ಎಳೆಯುತ್ತಿದೆ ಅಂದರೆ ಎಡಗಡೆ ಕ್ಯಾಲಿಪರಿನ ಪಿಸ್ಟನ್ ತುಕ್ಕಿನಲ್ಲಿ ಸಿಕ್ಕಿಕೊಂಡು ಕೆಲಸ ಮಾಡುತ್ತಿಲ್ಲ. ಬ್ರೇಕ್ ಬಿಟ್ಟ ಮೇಲೂ ಚಕ್ರ ಬಿಗಿಯಾಗಿಯೇ ತಿರುಗುತ್ತಿದ್ದರೆ ರಬ್ಬರ್ ಹೋಸ್ ಮೇಲೆ ಅನುಮಾನ ಪಡಿ. ಹಳೇ ಹೋಸ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತೆ, ಒಳಗೆ ಊದಿಕೊಂಡಿರುತ್ತದೆ. ಪೆಡಲಿನ ಒತ್ತಡಕ್ಕೆ ಎಣ್ಣೆ ಒಳಗೆ ನುಗ್ಗುತ್ತದೆ, ವಾಪಸ್ ಬರಲು ದಾರಿ ಇರುವುದಿಲ್ಲ.

ಮೊದಲ ಕೆಲಸ: ಹಿಂದಿನ ಅಡ್ಜಸ್ಟರ್

ಹ್ಯಾಂಡ್ ಬ್ರೇಕ್ ಬಿಡಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಡಿ, ಹಿಂಭಾಗ ಎತ್ತಿ ಆಕ್ಸಲ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ.

ಡ್ರಮ್ಮಿನ ಹಿಂದಿರುವ ಬ್ಯಾಕ್ ಪ್ಲೇಟಿನಲ್ಲಿ ಶೂಗಳನ್ನು ಡ್ರಮ್ಮಿನ ಹತ್ತಿರಕ್ಕೆ ಸರಿಸುವ ಒಂದು ಚೌಕ ತಲೆಯ ಅಡ್ಜಸ್ಟರ್ ಇದೆ, ಚಕ್ರಕ್ಕೊಂದು. ಇದನ್ನು ತಿರುಗಿಸಲು ಕಾಲು ಇಂಚಿನ ಚೌಕದ ಬ್ರೇಕ್ ಸ್ಪ್ಯಾನರ್ ಸಿಗುತ್ತದೆ, ಅದನ್ನೇ ಕೊಳ್ಳಿ. ಕೈಗೆ ಸಿಕ್ಕಿದ ಸ್ಪ್ಯಾನರಿನಲ್ಲೋ ಪ್ಲೈಯರಿನಲ್ಲೋ ತಿರುಗಿಸಿದರೆ ಚೌಕ ಗುಂಡಗಾಗುತ್ತದೆ. ಅಲ್ಲಿಗೆ ಐದು ನಿಮಿಷದ ಕೆಲಸ ಒಂದು ದಿನದ್ದಾಗುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆಯನ್ನು ಒಂದೆರಡು ಹನಿ ಅಡ್ಜಸ್ಟರಿನ ಬುಡಕ್ಕೆ ಬಿಡಿ, ಶೂಗಳ ಮೇಲೆ ಬೀಳದಂತೆ ನೋಡಿಕೊಳ್ಳಿ. ಈಗ ಚಕ್ರ ತಿರುಗದಷ್ಟು ಬಿಗಿ ಮಾಡಿ. ಪೆಡಲನ್ನು ಒಮ್ಮೆ ಜೋರಾಗಿ ಒತ್ತಿಬಿಡಿ, ಶೂಗಳು ನಡುವೆ ಸರಿಯಾಗಿ ಕೂರುತ್ತವೆ. ಮತ್ತೆ ಬಿಗಿಯಾಗುತ್ತದೆಯೇ ನೋಡಿ. ಆಮೇಲೆ ಒಂದೊಂದೇ ಕ್ಲಿಕ್ ಹಿಂದಕ್ಕೆ ಬಿಡುತ್ತಾ, ಚಕ್ರ ಆರಾಮಾಗಿ ತಿರುಗುವ ಜಾಗದಲ್ಲಿ ನಿಲ್ಲಿಸಿ. ಡ್ರಮ್ಮಿನೊಳಗೆ ಸಣ್ಣಗೆ ಉಜ್ಜುವ ಸದ್ದು ಕೇಳಿಸಿದರೆ ಪರವಾಗಿಲ್ಲ.

ಪೆಡಲ್ ಎರಡು ಬೆರಳಿನಷ್ಟು ಮೇಲೆ ಬಂದು, ದೊಡ್ಡ ಬ್ರೇಕಿನ ಯೋಚನೆಯನ್ನೇ ಕೈಬಿಟ್ಟವರು ಇದ್ದಾರೆ.

ರೀಬಿಲ್ಡ್: ಮುಂಭಾಗ

ಇದು ನಿಜವಾದ ಕೆಲಸ, ನಿಧಾನಕ್ಕೆ ಮಾಡಿ. ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆ ಬಿಚ್ಚಿದರೆ ಮರೆತುಹೋದದ್ದನ್ನು ನೋಡಿಕೊಳ್ಳಲು ಒಂದು ಮಾದರಿ ಉಳಿದಿರುತ್ತದೆ. ಬಿಚ್ಚುವಾಗ ಫೋಟೋ ತೆಗೆಯುತ್ತಾ ಹೋಗಿ.

ಹಳೇ ಪ್ಯಾಡ್, ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಬ್ರಿಟನ್ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ವರ್ಷಗಟ್ಟಲೆ ಶೆಡ್ಡಿನಲ್ಲಿದ್ದ ಕಾರಿನಲ್ಲಿ ಅದಕ್ಕಿಂತ ಹಳೆಯ ಲೈನಿಂಗ್ ಸಿಗುವುದು ಆಶ್ಚರ್ಯವಲ್ಲ. ಧೂಳನ್ನು ಬಾಯಿಂದಾಗಲಿ, ಗಾಳಿ ಪೈಪಿನಿಂದಾಗಲಿ ಊದಬೇಡಿ. ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಮಾಡಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬೇರೆಯಾಗಿಡಿ. ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ.

ಕ್ಯಾಲಿಪರ್ ಬಿಚ್ಚಿದ ಮೇಲೆ ಪಿಸ್ಟನ್ ಹೊರತೆಗೆಯಬೇಕು. ಹೋಸ್ ಕಳಚುವ ಮೊದಲೇ, ಪೆಡಲಿನ ಒತ್ತಡದಿಂದಲೇ ಅವನ್ನು ಹೊರಗೆ ತಂದುಕೊಳ್ಳುವುದು ಸುಲಭ. ಗಾಳಿ ಒತ್ತಡ ಬಳಸುವುದಾದರೆ ಎದುರಿಗೆ ಮರದ ತುಂಡು ಇಡಿ, ಬೆರಳು ದೂರ ಇರಲಿ. ಹೊರಬಂದ ಪಿಸ್ಟನ್ನನ್ನು ಒರೆಸಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಮೇಲಿನ ಕ್ರೋಮ್ ಪದರದಲ್ಲಿ ಕಪ್ಪು ಚುಕ್ಕೆ, ಉಗುರಿಗೆ ಸಿಗುವ ಗುಳಿ ಇದ್ದರೆ ಅದನ್ನು ತಿಕ್ಕಿ ಹಾಕಬೇಡಿ, ಬದಲಾಯಿಸಿ. ಸ್ಟೇನ್‌ಲೆಸ್ ಸ್ಟೀಲ್ ಪಿಸ್ಟನ್ ಸಿಗುತ್ತವೆ, ತುಕ್ಕಿನ ಚಿಂತೆ ತೀರುತ್ತದೆ. ಒಳಗಿನ ರಬ್ಬರ್ ಸೀಲ್ ಬರೀ ಸೋರಿಕೆ ತಡೆಯಲು ಇರುವುದಲ್ಲ. ಪೆಡಲ್ ಒತ್ತಿದಾಗ ಅದು ಪಿಸ್ಟನ್ ಜೊತೆ ತುಸು ಬಾಗುತ್ತದೆ, ಬಿಟ್ಟಾಗ ನೇರವಾಗುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಸೀಲ್ ಒಣಗಿ ಗಟ್ಟಿಯಾದರೆ ಆ ಕೆಲಸ ನಿಲ್ಲುತ್ತದೆ, ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಹಾಗಾಗಿ ಕ್ಯಾಲಿಪರ್ ಬಿಚ್ಚಿದ ಮೇಲೆ ಹಳೇ ಸೀಲ್ ಮತ್ತೆ ಹಾಕುವ ಮಾತೇ ಬೇಡ. ಸೀಲ್ ಕೂರುವ ತೋಡಿನಲ್ಲಿ ಕಟ್ಟಿದ ತುಕ್ಕನ್ನು ಗೀರು ಬೀಳದ ಹಾಗೆ ತೆಗೆಯಿರಿ. ಕ್ಯಾಲಿಪರಿನ ಎರಡು ಹೋಳುಗಳನ್ನು ಸೇರಿಸಿರುವ ಬೋಲ್ಟ್‌ಗಳನ್ನು ಮಾತ್ರ ಸುಮ್ನೆ ಬಿಚ್ಚಬೇಡಿ, ಅವುಗಳ ನಡುವೆಯೂ ಎಣ್ಣೆ ಹಾಯುವ ದಾರಿ ಮತ್ತು ಸೀಲ್ ಇದೆ.

ನಮ್ಮ ಕಡೆ ಗ್ಯಾರೇಜುಗಳಲ್ಲಿ ಎಲ್ಲ ಭಾಗವನ್ನೂ ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ತೊಳೆಯುವ ರೂಢಿ ಇದೆ. ಬ್ರೇಕಿನ ರಬ್ಬರಿಗೆ ಇದು ವಿಷ. ಒಂದು ಹನಿ ಉಳಿದರೂ ಸೀಲ್ ಊದಿಕೊಳ್ಳುತ್ತದೆ. ಎಂಜಿನ್ ಆಯಿಲ್, ಮಾಮೂಲಿ ಗ್ರೀಸ್ ಕೂಡ ಹಾಗೇ. ಹೊಸ ಸೀಲಿಗೆ ಹಚ್ಚುವುದು ಹೊಸ ಬ್ರೇಕ್ ಎಣ್ಣೆ ಅಥವಾ ಕೆಂಪು ರಬ್ಬರ್ ಗ್ರೀಸ್, ಎರಡೇ.

ಡಿಸ್ಕ್ ಬದಲಾಯಿಸುವುದಿದ್ದರೆ ಎಂಜಿಬಿಯಲ್ಲಿ ಸ್ವಲ್ಪ ಕಷ್ಟ. ಡಿಸ್ಕ್, ಚಕ್ರ ಕೂರುವ ಹಬ್ಬಿನ (ಹಬ್) ಹಿಂಬದಿಗೆ ಬೋಲ್ಟ್ ಆಗಿರುವುದರಿಂದ ಹಬ್ಬನ್ನೇ ಹೊರಗೆ ತೆಗೆಯಬೇಕು. ಹಬ್ ಒಳಗೆ ಎರಡು ಬೇರಿಂಗ್ ನಡುವೆ ಒಂದು ಸ್ಪೇಸರ್, ಅದರ ಜೊತೆ ಶಿಮ್ ಅನ್ನುವ ಕಾಗದದಷ್ಟು ತೆಳ್ಳಗಿನ ಬಿಲ್ಲೆಗಳು ಇರುತ್ತವೆ. ಬೇರಿಂಗಿನಲ್ಲಿ ಎಷ್ಟು ಆಟ ಇರಬೇಕು ಅಂತ ತೀರ್ಮಾನಿಸುವುದು ಆ ಶಿಮ್‌ಗಳೇ. ವರ್ಕ್‌ಶಾಪ್ ಮ್ಯಾನ್ಯುಯಲ್ ಕೇಳುವುದು 0.002ರಿಂದ 0.004 ಇಂಚು. ಎಷ್ಟೋ ಕಾರುಗಳಲ್ಲಿ ಯಾರೋ ಈ ಶಿಮ್‌ಗಳನ್ನು ಕಳೆದಿರುತ್ತಾರೆ, ಅಥವಾ ಸ್ಪೇಸರನ್ನೇ ಬಿಟ್ಟಿರುತ್ತಾರೆ. ಬೇರಿಂಗ್ ಸಡಿಲ ಇದ್ದರೆ ತಿರುವಿನಲ್ಲಿ ಡಿಸ್ಕ್ ಅಲ್ಲಾಡಿ ಪಿಸ್ಟನ್ನನ್ನು ಒಳಕ್ಕೆ ತಳ್ಳುತ್ತದೆ, ಮುಂದಿನ ಸಲ ಪೆಡಲ್ ಪಾತಾಳಕ್ಕೆ ಹೋಗುತ್ತದೆ. ಬ್ರೇಕ್ ದೋಷ ಅಂದುಕೊಂಡದ್ದು ಬೇರಿಂಗ್ ದೋಷವಾಗಿರುತ್ತದೆ. ಹೊಸ ಡಿಸ್ಕ್ ಕೂರಿಸುವ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ. ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿ, ಓಲಾಟ 0.1 ಮಿಲಿಮೀಟರ್ ಒಳಗಿರಲಿ. ಹಬ್ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ. ಬೋಲ್ಟ್‌ಗಳ ಬಿಗಿತಕ್ಕೆ ನಿಮ್ಮ ವರ್ಷದ ಕಾರಿನ ಮ್ಯಾನ್ಯುಯಲ್ಲೇ ಪ್ರಮಾಣ.

ಕ್ಯಾಲಿಪರ್ ವಾಪಸ್ ಹಾಕುವಾಗ ಗಾಳಿ ತೆಗೆಯುವ ನಿಪ್ಪಲ್ ಮೇಲ್ಗಡೆ ಇರಬೇಕು. ಎಡ ಬಲ ಅದಲುಬದಲಾಗಿ ನಿಪ್ಪಲ್ ಕೆಳಗೆ ಬಂದರೆ ಎಷ್ಟು ಪಂಪ್ ಮಾಡಿದರೂ ಗಾಳಿ ಹೋಗುವುದಿಲ್ಲ.

ರೀಬಿಲ್ಡ್: ಹಿಂಭಾಗ, ಪೈಪು, ಎಣ್ಣೆ

ಹಿಂದಿನ ಡ್ರಮ್ ತೆಗೆದು ಶೂ ಒದ್ದೆಯಾಗಿದೆಯೇ ನೋಡಿ. ತೆಳ್ಳಗಿನ ದ್ರವವಾದರೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿದೆ. ದಪ್ಪಗೆ, ಗಾಟು ವಾಸನೆ ಇದ್ದರೆ ಅದು ಆಕ್ಸಲ್ ಎಣ್ಣೆ, ಹಬ್ ಸೀಲ್ ಹೋಗಿದೆ. ಸೋರಿಕೆ ನಿಲ್ಲಿಸದೆ ಹೊಸ ಶೂ ಹಾಕಿದರೆ ಶೂ ದಂಡ. ಎಣ್ಣೆ ಕುಡಿದ ಶೂ ಏನು ಮಾಡಿದರೂ ಸರಿಯಾಗುವುದಿಲ್ಲ, ಎರಡೂ ಕಡೆ ಒಟ್ಟಿಗೇ ಬದಲಾಯಿಸಿ. ವೀಲ್ ಸಿಲಿಂಡರನ್ನು ರಿಪೇರಿ ಮಾಡುವುದಕ್ಕಿಂತ ಹೊಸದೇ ಹಾಕುವುದು ವಾಸಿ, ಬೆಲೆ ಕಮ್ಮಿ. ಅದರ ಅಳತೆ ವರ್ಷ ಮತ್ತು ಮಾದರಿಗೆ ತಕ್ಕಂತೆ ಬೇರೆ ಇರುತ್ತದೆ. ತಪ್ಪು ಅಳತೆಯದು ಹಾಕಿದರೆ ಮುಂದಿನ ಮತ್ತು ಹಿಂದಿನ ಬ್ರೇಕಿನ ಹೊಂದಾಣಿಕೆಯೇ ಕೆಡುತ್ತದೆ.

ರಬ್ಬರ್ ಹೋಸ್ ಮೂರಿವೆ: ಮುಂದೆ ಎರಡು, ಹಿಂದಿನ ಆಕ್ಸಲ್ಲಿಗೆ ಒಂದು. ವಯಸ್ಸು ಗೊತ್ತಿಲ್ಲದಿದ್ದರೆ ಮೂರನ್ನೂ ಬದಲಾಯಿಸಿ. ಸ್ಟೀಲ್ ಹೆಣಿಗೆಯ ಹೋಸ್ ಪೆಡಲನ್ನು ಒಂಚೂರು ಗಟ್ಟಿ ಮಾಡುತ್ತದೆ. ಒಳ್ಳೆಯ ರಬ್ಬರ್ ಹೋಸೂ ಸಾಕು. ತುಕ್ಕು ಹಿಡಿದ ಸ್ಟೀಲ್ ಪೈಪಿನ ಜಾಗಕ್ಕೆ ತಾಮ್ರ ಮತ್ತು ನಿಕ್ಕಲ್ ಮಿಶ್ರಲೋಹದ ಪೈಪ್ ಹಾಕಿ. ಬಗ್ಗಿಸಲು ಸುಲಭ, ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪಿಗೂ ಜಗ್ಗುವುದಿಲ್ಲ.

ಬ್ರೇಕ್ ಎಣ್ಣೆಗೆ ಡಾಟ್ 4 ಅನ್ನುವ ದರ್ಜೆ ಸಾಕು. ಹೊಸದರಲ್ಲಿ ಅದು ಕುದಿಯುವುದು ಕನಿಷ್ಠ 230 ಡಿಗ್ರಿಯಲ್ಲಿ. ಗಾಳಿಯ ತೇವ ಹೀರಿ ಅದರಲ್ಲಿ ಶೇ. 3.7 ನೀರು ಸೇರಿದರೆ ಆ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಎಣ್ಣೆ ಕುದ್ದರೆ ಆವಿ, ಆವಿಯಾದರೆ ಪೆಡಲ್ ನೆಲಕ್ಕೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಕಾರು ಓಡದೆ ನಿಂತಿದ್ದರೂ. ಸಿಲಿಕಾನ್ ಎಣ್ಣೆ, ಅಂದರೆ ಡಾಟ್ 5, ಬಣ್ಣ ಕೆಡಿಸುವುದಿಲ್ಲ, ತೇವ ಹೀರುವುದಿಲ್ಲ. ಹಳೇ ಎಣ್ಣೆಯ ಜೊತೆ ಬೆರೆಸಲು ಮಾತ್ರ ಆಗದು. ಎಲ್ಲ ಸೀಲ್ ಹೊಸದಾಗಿ ಹಾಕುವಾಗ ಅದಕ್ಕೆ ಬದಲಾಗಬಹುದು, ನಡುವೆ ಬೇಡ. ಹೆಸರು ಹತ್ತಿರವಿದ್ದರೂ ಡಾಟ್ 5.1 ಸಿಲಿಕಾನ್ ಅಲ್ಲ.

ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರುಮಾಡಿ ಹತ್ತಿರಕ್ಕೆ ಬನ್ನಿ. ಮಾಸ್ಟರ್ ಸಿಲಿಂಡರ್ ಹಳೆಯದಾಗಿದ್ದರೆ ಪೆಡಲಿನ ಕೆಳಗೆ ಒಂದು ಮರದ ತುಂಡಿಡಿ. ದಿನಾ ತಲುಪದ ಆಳಕ್ಕೆ ಪೆಡಲ್ ಒತ್ತಿದರೆ ಸೀಲ್ ತುಕ್ಕಿರುವ ಜಾಗಕ್ಕೆ ಉಜ್ಜುತ್ತದೆ, ಸರಿ ಇದ್ದದ್ದೂ ಕೆಡುತ್ತದೆ. ಬಣ್ಣದ ಮೇಲೆ ಎಣ್ಣೆ ಬಿದ್ದರೆ ಕೂಡಲೇ ನೀರು ಸುರಿಯಿರಿ.

ಕೊನೆಗೆ ಹೊಸ ಪ್ಯಾಡ್‌ಗಳನ್ನು ಪಳಗಿಸಬೇಕು. ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರಿನಿಂದ 15ಕ್ಕೆ ಹದವಾಗಿ ಇಳಿಸಿ. ಹತ್ತಾರು ಸಲ ಮಾಡಿ, ನಡುವೆ ತಣ್ಣಗಾಗಲು ಬಿಡಿ. ಬಿಸಿ ಇರುವಾಗ ಪೆಡಲ್ ಒತ್ತಿಕೊಂಡು ನಿಲ್ಲಬೇಡಿ.

ಅದಾದ ಮೇಲೆ ರೋಲರ್ ಪರೀಕ್ಷೆ, ಅಂದರೆ ಚಕ್ರಗಳನ್ನು ಉರುಳೆಗಳ ಮೇಲೆ ತಿರುಗಿಸಿ ಬ್ರೇಕಿನ ಬಲ ಅಳೆಯುವುದು. ಬ್ರಿಟನ್ನಿನಲ್ಲಿ 2018ರಿಂದ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಆಗದ ಕಾರುಗಳಿಗೆ ಎಂಒಟಿ ಅನ್ನುವ ವಾರ್ಷಿಕ ಸುರಕ್ಷತಾ ತಪಾಸಣೆ ಕಡ್ಡಾಯವಿಲ್ಲ. ಆದರೂ ದುಡ್ಡು ಕೊಟ್ಟು ಮಾಡಿಸಿ. ಒಂದೇ ಆಕ್ಸಲ್ಲಿನ ಎರಡು ಚಕ್ರಗಳ ನಡುವೆ ಶೇ. 30ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಅಲ್ಲಿ ಫೇಲು. ನಿಮಗೆ ಅದಕ್ಕಿಂತ ಎಷ್ಟೋ ಕಮ್ಮಿ ಬರಬೇಕು.

ಈಗ ಅಪ್‌ಗ್ರೇಡ್

ಮೊದಲೇ ಹೇಳಿದ ಎರಡು ಸರ್ಕ್ಯೂಟಿನ ವಿಚಾರ. ಆರಂಭದ ಎಂಜಿಬಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟ್. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ, ಹ್ಯಾಂಡ್ ಬ್ರೇಕೊಂದೇ ಗತಿ. ಅಮೆರಿಕಕ್ಕೆ ಹೋದ ಕಾರುಗಳಿಗೆ 1968ರ ಮಾದರಿಯಿಂದ ಎರಡು ಸರ್ಕ್ಯೂಟ್ ಬಂತು, ಬ್ರಿಟನ್ನಿನ ಕಾರುಗಳಿಗೆ ಬಹಳ ವರ್ಷ ತಡವಾಗಿ. ನಿಮ್ಮದು ಒಂಟಿ ಸರ್ಕ್ಯೂಟಿನ ಕಾರಾಗಿದ್ದು, ಮಕ್ಕಳನ್ನು ಕೂರಿಸಿಕೊಂಡು ಹೈವೇಗೆ ಹೋಗುವವರಾದರೆ, ನಾನು ಮೊದಲು ಖರ್ಚು ಮಾಡಲು ಹೇಳುವುದು ಇದಕ್ಕೇ. ಕಾರು ಬೇಗ ನಿಲ್ಲುವುದಿಲ್ಲ, ಆದರೆ ಒಂದು ಭಾಗ ಕೈಕೊಟ್ಟ ದಿನವೂ ನಿಲ್ಲುತ್ತದೆ. ಮಾಸ್ಟರ್ ಸಿಲಿಂಡರ್ ಜೊತೆ ಪೈಪುಗಳೂ, ಎಷ್ಟೋ ಸಲ ಪೆಡಲ್ ಬಾಕ್ಸೂ ಬದಲಾಗಬೇಕು. ಹಾಗಾಗಿ ಪೈಪು ಬದಲಾಯಿಸುವ ಸಮಯದಲ್ಲೇ ಇದನ್ನೂ ಸೇರಿಸಿಕೊಳ್ಳಿ.

ಸರ್ವೋ ಕಾಲಿನ ಶ್ರಮ ಕಮ್ಮಿ ಮಾಡುತ್ತದೆ, ಅಷ್ಟೇ. ಮೊಣಕಾಲು ನೋವಿದ್ದರೆ, ಮನೆಯವರೂ ಓಡಿಸುವುದಿದ್ದರೆ ಹಾಕಿಸಿ. ನಿಲ್ಲುವ ದೂರ ಕಮ್ಮಿಯಾಗುತ್ತದೆ ಅಂತ ಹಾಕಿಸಬೇಡಿ. ವೇಗವಾಗಿ ಓಡಿಸುವವರು ಮೊದಲು ಪ್ಯಾಡ್ ಬದಲಾಯಿಸಿ ನೋಡಲಿ. ಮಿಂಟೆಕ್ಸ್ 1144 ತರಹದ, ರಸ್ತೆಗೂ ಸಲ್ಲುವ ಪ್ಯಾಡ್ ಬಿಸಿಯಲ್ಲೂ ಹಿಡಿಯುತ್ತದೆ. ರೇಸ್ ಪ್ಯಾಡ್ ಬೇಡವೇ ಬೇಡ, ತಣ್ಣಗಿರುವಾಗ ಅದು ಹಿಡಿಯುವುದೇ ಇಲ್ಲ. ಮನೆ ಹತ್ತಿರದ ಮೊದಲ ಸಿಗ್ನಲ್ಲಿನಲ್ಲೇ ಪ್ರಾಣಕ್ಕೆ ಬರುತ್ತದೆ.

ಇದಿಷ್ಟೂ ಆದ ಮೇಲೆ ಬೆಟ್ಟ ಇಳಿಯುವಾಗ, ಟ್ರ್ಯಾಕ್ ದಿನಗಳಲ್ಲಿ ಬ್ರೇಕ್ ಬಿಸಿಯಾಗಿ ಸೋಲುತ್ತಿದೆ, ಅಥವಾ ಎಂಜಿನ್ ಶಕ್ತಿ ಜಾಸ್ತಿ ಮಾಡಿಸಿದ್ದೀರಿ. ಆಗ ಮುಂದಿನ ಬ್ರೇಕ್ ದೊಡ್ಡದು ಮಾಡಲು ಕಾರಣವಿದೆ. ಕಾರ್ಖಾನೆಯೇ ತೋರಿಸಿದ ದಾರಿ ಒಂದಿದೆ. 1973ರಿಂದ 1976ರವರೆಗೆ ಬಂದ ಎಂಜಿಬಿ ಜಿಟಿ ವಿ8ಗೆ ಹೆಚ್ಚು ದಪ್ಪದ ಡಿಸ್ಕ್, ದೊಡ್ಡ ಕ್ಯಾಲಿಪರ್ ಕೊಟ್ಟಿದ್ದರು. 3.5 ಲೀಟರ್ ಎಂಜಿನ್ನಿಗೆ ಅದು ಸಾಕಾಗಿತ್ತು, ನಿಮ್ಮ 1.8 ಲೀಟರಿಗೂ ಧಾರಾಳವಾಗಿ ಸಾಕು. ಅದರ ಮೇಲೆ ನಾಲ್ಕು ಪಿಸ್ಟನ್ನಿನ ಅಲ್ಯೂಮಿನಿಯಂ ಕ್ಯಾಲಿಪರ್, ಗಾಳಿಯಾಡುವ ಡಿಸ್ಕ್ ಇರುವ ಕಿಟ್‌ಗಳಿವೆ. ಕೊಳ್ಳುವ ಮೊದಲು ಎರಡು ವಿಷಯ ನೋಡಿ. ಒಂದು, ನಿಮ್ಮ ಚಕ್ರದೊಳಗೆ ಅದು ಹಿಡಿಸುತ್ತದೆಯೇ, ಅದರಲ್ಲೂ ತಂತಿ ಕಡ್ಡಿಯ ಚಕ್ರವಾದರೆ. ವಿ8 ಕಾರಿಗೆ ಕಾರ್ಖಾನೆ ತಂತಿ ಚಕ್ರ ಕೊಡಲೇ ಇಲ್ಲ. ಎರಡು, ಕ್ಯಾಲಿಪರ್ ಪಿಸ್ಟನ್ನಿನ ಒಟ್ಟು ಗಾತ್ರ. ಅದು ಜಾಸ್ತಿಯಾಗಿ ಮಾಸ್ಟರ್ ಸಿಲಿಂಡರ್ ಹಳೆಯದೇ ಉಳಿದರೆ ಅಷ್ಟೂ ಎಣ್ಣೆ ತಳ್ಳಲು ಪೆಡಲ್ ಉದ್ದಕ್ಕೆ ಹೋಗಬೇಕಾಗುತ್ತದೆ.

ತೂತು ಕೊರೆದ ಡಿಸ್ಕ್ ನೋಡಲು ಚೆಂದ, ಬಿಸಿಯಾದಾಗ ಬಿರುಕು ಶುರುವಾಗುವುದೂ ಆ ತೂತುಗಳಿಂದಲೇ. ಹಿಂದಕ್ಕೆ ಡಿಸ್ಕ್ ಹಾಕಿಸುವುದನ್ನು ನಾನು ರಸ್ತೆಯ ಎಂಜಿಬಿಗೆ ಒಪ್ಪುವುದಿಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ತೂಕ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರಕ್ಕೆ ಹಿಡಿತವೇ ಕಮ್ಮಿ. ಅಲ್ಲಿ ಬ್ರೇಕ್ ಜಾಸ್ತಿಯಾದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಮಳೆಯಲ್ಲಿ ಕಾರು ಗಿರಕಿ ಹೊಡೆಯುತ್ತದೆ. ಹ್ಯಾಂಡ್ ಬ್ರೇಕ್ ಸರಿಯಾಗಿ ಹಿಡಿಯುವಂತೆ ಮಾಡುವುದೂ ದೊಡ್ಡ ತಲೆನೋವು.

ಏನೇ ಬದಲಾವಣೆ ಮಾಡಿದರೂ ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ. ಕಳಚಿದ ಒರಿಜಿನಲ್ ಕ್ಯಾಲಿಪರ್, ಡಿಸ್ಕ್‌ಗಳಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಸುತ್ತಿ, ಚೀಟಿ ಅಂಟಿಸಿ ಇಡಿ. ಮುಂದೆ ಮಾರುವಾಗ ಕೊಳ್ಳುವವರು ಅವನ್ನು ಕೇಳುತ್ತಾರೆ.